ಬೇಕಾಗಿದ್ದಾರೆ: ಹೂಮಳೆಯ ಲೆಕ್ಕ ಬಲ್ಲವರು

ಸಕಲೇಶಪುರದ ಬಿ.ಎಂ. ರಸ್ತೆಯಲ್ಲಿ, ಬಾಳ್ಳುಪೇಟೆಯಲ್ಲಿ, ಕಾಫಿ ವ್ಯಾಪಾರಿಗಳ ಅಂಗಡಿ ಮುಂದೆ ನಿಂತು ಆ ದಿನದ ರೇಟಿನ ಹಲಗೆಯನ್ನು ಒಮ್ಮೆ ಓದಿ ನೋಡಿ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ, ಕೊನೆಗೆ ಕಾಳುಮೆಣಸು. ಐದೇ ಸಾಲು, ಐದೇ ಅಂಕಿ. ಆದರೆ ಆ ಅಂಕಿಗಳ ಬೆನ್ನು ಹತ್ತಿ ಹೋದರೆ ಎಲ್ಲೆಲ್ಲಿಗೆ ಮುಟ್ಟುತ್ತೇವೆ! ರೋಬಸ್ಟಾ ಸಾಲು ಲಂಡನ್ ಮಾರುಕಟ್ಟೆಗೆ ಹೋಗುತ್ತದೆ, ಅರೇಬಿಕಾ ಸಾಲು ನ್ಯೂಯಾರ್ಕಿಗೆ. ಅಲ್ಲಿಂದ ಮುಂದೆ ಬ್ರೆಜಿಲ್ಲಿನ ಹಿಮ, ವಿಯೆಟ್ನಾಂನ ಬರ, ಡಾಲರಿನ ಎದುರು ರೂಪಾಯಿಯ ಏರಿಳಿತ. ಹಿಂತಿರುಗಿ ಬಂದರೆ ಹೆತ್ತೂರಿನ ಹುಡುಗಿಯ ಹಾಸ್ಟೆಲ್ ಫೀಸು, ಹಾನಬಾಳಿನ ಮನೆಯ ಮದುವೆ, ಆಲೂರು ಕಡೆಯ ಅಜ್ಜನ ಹೃದಯದ ಆಪರೇಷನ್ನು. ಇಷ್ಟೂ ಆ ಒಂದು ಹಲಗೆಯ ಮೇಲೆ ನಿಂತಿದೆ.

ಅಂಗಡಿಯ ಅಂಕಿಯನ್ನು ಮನೆಯ ಬದುಕಾಗಿ ಮಾಡಿಕೊಡುವವರು ಯಾರು? ನಗರದಲ್ಲಿ ಆ ಕೆಲಸಕ್ಕೆ ಫೈನಾನ್ಷಿಯಲ್ ಪ್ಲಾನರ್ ಎಂಬ ಹೆಸರಿದೆ, ಪರೀಕ್ಷೆಯಿದೆ, ನೋಂದಣಿಯಿದೆ, ಶುಲ್ಕವಿದೆ. ಈ ಗುಡ್ಡಗಳಲ್ಲಿ ಅಂಥ ವೃತ್ತಿಗೆ ಜಾಗವುಂಟೇ ಎಂದು ಹುಡುಕಹೊರಟರೆ ಕಾಣುವುದು ಬೆರಗಿನ ಸಂಗತಿ. ಜಾಗವುಂಟು ಮಾತ್ರವಲ್ಲ, ಆ ಕೆಲಸ ಇಲ್ಲಿ ಐವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದೇ ಇತ್ತು. ನಡೆಸುತ್ತಿದ್ದದ್ದು ಒಬ್ಬ ವ್ಯಕ್ತಿಯಲ್ಲ, ಒಂದು ಸರ್ಕಾರಿ ಮಂಡಳಿ!

ಎರಡನೇ ಮಹಾಯುದ್ಧ ಶುರುವಾಗಿ ಯುರೋಪಿನ ಪೇಟೆ ಮುಚ್ಚಿಹೋದಾಗ ಕಾಫಿ ಕೊಳ್ಳುವವರೇ ಇಲ್ಲದಾದರು. ಬೆಳೆಗಾರರನ್ನು ಉಳಿಸಲು 1942ರಲ್ಲಿ ಕಾಫಿ ಕಾಯಿದೆ ಬಂತು. ಮನೆ ಖರ್ಚಿಗೆ ಮತ್ತು ಬಿತ್ತನೆಗೆ ಬೇಕಾದಷ್ಟನ್ನು ಬಿಟ್ಟು ಮಿಕ್ಕ ಕಾಫಿಯನ್ನೆಲ್ಲ ಕಾಫಿ ಮಂಡಳಿಗೆ ಕೊಡಬೇಕು. ಇದೇ ಪೂಲ್. ಎಲ್ಲರ ಕಾಫಿಯೂ ಒಂದೇ ರಾಶಿಗೆ. ಮಂಡಳಿ ಹರಾಜು ಹಾಕಿ ಮಾರುತ್ತಿತ್ತು. ಬೆಳೆಗಾರನಿಗೆ ದುಡ್ಡು ಒಂದೇ ಸಲ ಬರುತ್ತಿರಲಿಲ್ಲ. ಕಾಫಿ ಕೊಟ್ಟಾಗ ಮೊದಲ ಕಂತು, ಆಮೇಲೆ ಮಾರಾಟವಾದ ಹಾಗೆಲ್ಲ ಮತ್ತೊಂದು, ಇನ್ನೊಂದು. ಪೂಲಿನ ದುಡ್ಡು ತಡ, ಪೂಲಿನ ದುಡ್ಡು ಕಡಿಮೆ ಎಂದು ತೋಟದ ಮನೆಗಳಲ್ಲಿ ಬೇಸರಿಸದವರಿರಲಿಲ್ಲ. ಆ ಬೇಸರ ನ್ಯಾಯವಾದದ್ದೇ. ಆದರೆ ಇವತ್ತು ಕೂತು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ವರ್ಷಕ್ಕೊಮ್ಮೆ ಬರುವ ಬೆಳೆಯ ಹಣವನ್ನು ಮಂಡಳಿ ಹಲವು ತಿಂಗಳಿಗೆ ಹಂಚುತ್ತಿತ್ತು. ಒಂದು ವಾರದ ಬೆಲೆ ಕುಸಿತ ಒಂದು ಮನೆಯನ್ನೇ ಮುಳುಗಿಸದಂತೆ ಎಲ್ಲರ ತಲೆಗೂ ಸರಾಸರಿ ಮಾಡುತ್ತಿತ್ತು. ಏರಿಳಿತವನ್ನು ತಗ್ಗಿಸುವುದು, ಗಂಟಾಗಿ ಬರುವ ಹಣವನ್ನು ಕಾಲಕಾಲಕ್ಕೆ ಹರಿಸುವುದು: ಹಣಕಾಸು ಯೋಜಕರು ಶುಲ್ಕ ಪಡೆದು ಮಾಡುವ ಕೆಲಸಗಳಲ್ಲಿ ಮೊದಲ ಎರಡು ಇವೇ ಅಲ್ಲವೇ!

ಜಗತ್ತಿನ ಲೆಕ್ಕ ಇಟ್ಟು ನೋಡಿ. ಫೈನಾನ್ಷಿಯಲ್ ಪ್ಲಾನಿಂಗ್ ಎಂಬ ವೃತ್ತಿಯ ಹುಟ್ಟನ್ನು ಅಮೆರಿಕದವರು ಗುರುತಿಸುವುದು 1969ರ ಡಿಸೆಂಬರಿನಿಂದ. ಲೊರೆನ್ ಡಂಟನ್ ಎಂಬವರ ಕರೆಗೆ ಷಿಕಾಗೊದ ಹೋಟೆಲೊಂದರಲ್ಲಿ 13 ಜನ ಸೇರಿದ ಸಭೆಯಿಂದ. ಆ ಸಭೆಯಿಂದ ಹುಟ್ಟಿದ ಕಾಲೇಜು ಸಿಎಫ್‌ಪಿ ಎಂಬ ಅರ್ಹತೆ ಕೊಟ್ಟು ಮೊದಲ ತಂಡವನ್ನು ಹೊರಗೆ ಕಳಿಸಿದ್ದು 1973ರಲ್ಲಿ, 42 ಮಂದಿಯನ್ನು. ಆ ಹದಿಮೂರು ಜನ ಷಿಕಾಗೊದಲ್ಲಿ ಕುರ್ಚಿ ಎಳೆದುಕೊಂಡು ಕೂರುವ ಹೊತ್ತಿಗೆ ಮಂಜರಾಬಾದಿನ, ಅಂದರೆ ಈ ಸಕಲೇಶಪುರ ಸೀಮೆಯ, ಬೆಳೆಗಾರ ಪೂಲಿನ ಕಂತುಗಳಲ್ಲಿ 27 ವರ್ಷ ಬಾಳಿಯಾಗಿತ್ತು!

ಆಮೇಲೆ ಆ ವ್ಯವಸ್ಥೆ ಹೋಯಿತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಕುಸಿಯಿತು. 1992ರಿಂದ ಹಂತಹಂತವಾಗಿ ಬೆಳೆಗಾರರಿಗೆ ತಮ್ಮ ಕಾಫಿಯನ್ನು ತಾವೇ ಮಾರಿಕೊಳ್ಳುವ ಹಕ್ಕು ಸಿಕ್ಕಿತು, 1996ರ ಹೊತ್ತಿಗೆ ಸಣ್ಣವರು ದೊಡ್ಡವರು ಎಲ್ಲರೂ ಸ್ವತಂತ್ರರಾದರು. ನಡುವೆ 1994ರಲ್ಲಿ ಬ್ರೆಜಿಲ್ಲಿಗೆ ಹಿಮ ಬಿದ್ದು ಬೆಲೆ ಆಕಾಶಕ್ಕೇರಿತ್ತು. ಕೈಗೆ ಇಡುಗಂಟು ಬಂತು. ಹೊಸ ಮನೆಗಳೆದ್ದವು, ಜೀಪುಗಳು ಬಂದವು, ತೋಟಕ್ಕೆ ತೋಟ ಸೇರಿತು. ಐದಾರು ವರ್ಷ ಕಳೆಯುವಷ್ಟರಲ್ಲಿ, 2001-02ರಲ್ಲಿ, ವಿಶ್ವದ ಕಾಫಿ ಬೆಲೆ ಪಾತಾಳ ಕಂಡಿತು. ಏರಿದ್ದಾಗ ಎತ್ತಿದ ಸಾಲ ಇಳಿದಾಗ ಕುತ್ತಿಗೆಗೆ ಬಂತು. ಕೇಂದ್ರ ಸರ್ಕಾರ 2010ರಲ್ಲೂ ಕಾಫಿ ಸಾಲ ಪರಿಹಾರದ ಪ್ಯಾಕೇಜ್ ತರಬೇಕಾಯಿತು ಎಂದರೆ ಆ ಗಾಯ ಎಷ್ಟು ಕಾಲ ಮಾಗದೆ ಉಳಿಯಿತು ಊಹಿಸಿ. ಮಂಡಳಿ ಕಾಫಿ ಕೊಳ್ಳುವುದನ್ನು ನಿಲ್ಲಿಸಿದ್ದು ಎಲ್ಲರಿಗೂ ಕಂಡಿತು. ಅದರ ಜೊತೆಗೆ ನಿಂತುಹೋದ ಇನ್ನೊಂದು ಕೆಲಸ, ಹಣವನ್ನು ವರ್ಷಕ್ಕೆ ಹಂಚುವ ಕೆಲಸ, ಯಾರ ಕಣ್ಣಿಗೂ ಬೀಳಲಿಲ್ಲ. ಆ ಹುದ್ದೆ ಇವತ್ತಿಗೂ ಖಾಲಿ ಇದೆ!

ಅಷ್ಟು ದೊಡ್ಡ ಕೆಲಸವೇ ಅದು ಎಂದು ಅನುಮಾನಿಸುವವರಿಗೆ ಒಂದು ಸಣ್ಣ ಲೆಕ್ಕ. ಐದು ಎಕರೆ ರೋಬಸ್ಟಾ ಇರುವ ಒಂದು ಮನೆ ಎಂದಿಟ್ಟುಕೊಳ್ಳಿ. ಎಕರೆಗೆ ಐವತ್ತು ಕೆ.ಜಿ.ಯ 20 ಮೂಟೆ ಚೆರ್ರಿ, ಒಟ್ಟು ನೂರು ಮೂಟೆ. ಗೊಬ್ಬರ, ಕಳೆ, ಮರಗಸಿ, ಕೊಯ್ಲು ಎಲ್ಲ ಸೇರಿ ಎಕರೆಗೆ ಐವತ್ತು ಸಾವಿರ ಖರ್ಚು, ಅಂದರೆ ಎರಡೂವರೆ ಲಕ್ಷ. ಮೂಟೆಗೆ ಮೂರೂವರೆ ಸಾವಿರ ಸಿಕ್ಕರೆ ಬರುವುದು ಮೂರೂವರೆ ಲಕ್ಷ, ಕೈಯಲ್ಲಿ ಉಳಿಯುವುದು ಒಂದು ಲಕ್ಷ. 2020ರ ಸುಮಾರಿಗೆ ರೋಬಸ್ಟಾ ಚೆರ್ರಿ ಹೆಚ್ಚುಕಡಿಮೆ ಆ ಮಟ್ಟದಲ್ಲೇ ಇತ್ತು. 2024ರಲ್ಲಿ ಅದೇ ಮೂಟೆ ಹತ್ತು ಸಾವಿರ ದಾಟಿತು. ಹತ್ತು ಸಾವಿರವೆಂದೇ ಹಿಡಿಯಿರಿ: ಬಂದದ್ದು ಹತ್ತು ಲಕ್ಷ, ಖರ್ಚು ಅಷ್ಟೇ ಇದ್ದರೆ ಉಳಿದದ್ದು ಏಳೂವರೆ ಲಕ್ಷ. ಬೆಲೆ ಏರಿದ್ದು ಮೂರು ಪಟ್ಟಿಗಿಂತ ಕಡಿಮೆ, ಮನೆಯ ಉಳಿತಾಯ ಏರಿದ್ದು ಏಳೂವರೆ ಪಟ್ಟು! ಬೆಲೆ ಇಳಿದಾಗ ಇದೇ ಲೆಕ್ಕ ತಿರುಗಿ ನಡೆಯುತ್ತದೆ, ಅಷ್ಟೇ ವೇಗವಾಗಿ. ಸಂಬಳದ ಮನೆಗೆ ಇಂಥ ಉಯ್ಯಾಲೆ ಗೊತ್ತೇ ಇಲ್ಲ. ಸಂಬಳದವರಿಗಾಗಿ ಬರೆದ ಯಾವ ಹಣಕಾಸು ಪುಸ್ತಕವೂ ಈ ಮನೆಗೆ ಹಾಗೇ ಹೊಂದುವುದಿಲ್ಲ.

ಆ ನೂರು ಮೂಟೆಯೊಳಗೂ ಇನ್ನೊಂದು ಸೋಜಿಗವಿದೆ. ‘ಓಟಿ ಎಷ್ಟು ಬಂತು ಸಾವ್ಕಾರ್ರೆ?’ ಎಂದು ಇಲ್ಲಿಯವರು ಕೇಳುವುದು ಔಟ್‌ಟರ್ನ್ ಲೆಕ್ಕ. ಐವತ್ತು ಕೆ.ಜಿ. ಚೆರ್ರಿಯ ಸಿಪ್ಪೆ ಬಿಡಿಸಿದಾಗ 26 ಕೆ.ಜಿ. ಬೀಜ ಸಿಕ್ಕಿದರೆ ಓಟಿ 26. ಓಟಿಗೆ ನಾನೂರು ರೂಪಾಯಿ ರೇಟಿದ್ದರೆ ಮೂಟೆಗೆ 10,400. ಅದೇ ಕಾಫಿ 27 ಬಂದರೆ 10,800. ನೂರು ಮೂಟೆಗೆ ನಲವತ್ತು ಸಾವಿರದ ವ್ಯತ್ಯಾಸ, ಅಂಗಡಿಯ ಮೇಜಿನ ಮೇಲೆ ಒಂದು ಹಿಡಿ ಸ್ಯಾಂಪಲ್ ತೂಗುವ ಹೊತ್ತಿನಲ್ಲಿ! ಮನೆಯವರು ವರ್ಷವಿಡೀ ಯಾವ ಮ್ಯೂಚುವಲ್ ಫಂಡ್ ಒಳ್ಳೆಯದೆಂದು ತಲೆಕೆಡಿಸಿಕೊಂಡರೂ ಅಷ್ಟು ಸಿಗಲಿಕ್ಕಿಲ್ಲ. ಇಲ್ಲಿ ಯೋಜಕನಾಗುವವನು ಕಣದಲ್ಲಿ ಕಾಫಿ ಸರಿಯಾಗಿ ಒಣಗಿದೆಯೇ ಎಂದು ನೋಡಲು ಬಲ್ಲವನಾಗಿರಬೇಕು.

ಈಗ ತೋಟದೊಳಗೆ ಬನ್ನಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಬೆರಗು ಇರುವುದು ಇಲ್ಲಿ. ಕಾಫಿ ಗಿಡದ ಮೇಲೆ ನೆರಳಿಗೆ ಸಿಲ್ವರ್ ಓಕ್. ಸಿಲ್ವರ್ ಓಕಿನ ಮೈಗೆ ಹಬ್ಬಿದ ಮೆಣಸಿನ ಬಳ್ಳಿ. ಒಂದೇ ನೆಲದಲ್ಲಿ ಮೂರು ಅಂತಸ್ತು, ಮೂರಕ್ಕೂ ಬೇರೆ ಬೇರೆ ಕಾಲಮಾನ! ಕಾಫಿಯ ಹಣ ವರ್ಷದ ಹಣ: ಬೆಳೆ ಸಾಲ ತೀರಿಸಲು, ಬಟವಾಡೆ ಕೊಡಲು, ಮನೆ ನಡೆಸಲು. ಮೆಣಸು ಚೆನ್ನಾಗಿ ಒಣಗಿಸಿ ಮೂಟೆ ಕಟ್ಟಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಅದಕ್ಕೇ ರೇಟು ಸಾಲದೆನಿಸಿದರೆ ಬೆಳೆಗಾರ ಮಾರದೆ ಅಟ್ಟದ ಮೇಲೆ ಇಡುತ್ತಾನೆ, ಮಗನ ಇಂಜಿನಿಯರಿಂಗ್ ಸೀಟಿಗೆ, ಆಸ್ಪತ್ರೆಗೆ, ಬೋರ್‌ವೆಲ್ಲಿಗೆ ಬೇಕಾದಾಗ ಇಳಿಸುತ್ತಾನೆ. ಸಿಲ್ವರ್ ಓಕ್ ಇಪ್ಪತ್ತು ಮೂವತ್ತು ವರ್ಷದ ಗಂಟು, ಮದುವೆಗೋ ಮನೆ ಕಟ್ಟಲಿಕ್ಕೋ ಒಂದಷ್ಟು ಮರ ಕೊಡುತ್ತಾರೆ. ಹತ್ತಿರದ ಅಗತ್ಯಕ್ಕೆ ಒಂದು, ಮಧ್ಯಮಾವಧಿಗೆ ಒಂದು, ದೂರದ ಗುರಿಗೆ ಒಂದು ಎಂದು ಹಣವನ್ನು ಮೂರಾಗಿ ಇಡಬೇಕೆಂದು ಸಿಎಫ್‌ಪಿ ಪಠ್ಯ ಕಲಿಸುತ್ತದೆ. ಅಜ್ಜಂದಿರು ಅದನ್ನು ಗುಡ್ಡದ ಇಳಿಜಾರಿನಲ್ಲಿ ನೆಟ್ಟಿದ್ದರು!

ಆದರೆ ಮೂರೂ ಒಂದೇ ಗುಡ್ಡದ ಮೇಲಿವೆ ಎಂಬುದೇ ತೊಂದರೆ. ಜುಲೈ ಆಗಸ್ಟಿನಲ್ಲಿ ಮಳೆ ಬಿಡದೆ ಹೊಡೆದರೆ ಕಾಫಿಗೂ ಕೊಳೆ, ಮೆಣಸಿಗೂ ಸೊರಗು. 2018ರ ಮಳೆಗೆ ಸಕಲೇಶಪುರ–ಸುಬ್ರಹ್ಮಣ್ಯ ರೈಲು ದಾರಿಯೇ ಕುಸಿದು ತಿಂಗಳುಗಟ್ಟಲೆ ನಿಂತಿತ್ತಲ್ಲ, ತೋಟಗಳ ಪಾಡು ಹೇಳಬೇಕೇ! ಒಂದೂವರೆ ಶತಮಾನದ ಹಿಂದೆ, 1860ರ ದಶಕದಲ್ಲಿ, ಕಾಂಡಕೊರಕ ಹುಳು ಬಂದು ಮೈಸೂರು ಸೀಮೆಯ ತೋಟಗಳನ್ನು ನೆಲಕ್ಕೆ ಹಾಕಿತ್ತು. ಆ ಬೆನ್ನಿಗೇ ಎಲೆ ತುಕ್ಕು ರೋಗ. ತೋಟದ ಹೊರಗೂ ಒಂದಿಷ್ಟು ಇರಬೇಕೆಂಬ ಪಾಠ ಇಲ್ಲಿನ ಮಣ್ಣಿಗೆ ಹೊಸದಲ್ಲ. ಯೋಜಕನ ಕೆಲಸ ಆ ಹೊರಗಿನ ಭಾಗವನ್ನು ಕಟ್ಟಿಕೊಡುವುದು. ಜನವರಿಯಿಂದ ಮಾರ್ಚಿನೊಳಗೆ ಬಂದ ಗಂಟನ್ನು ಬೇರೆ ಬೇರೆ ತಿಂಗಳಿಗೆ ಮುಗಿಯುವ ಠೇವಣಿಗಳಾಗಿ ಒಡೆದಿಡುವುದು, ಮಳೆಗಾಲದ ನಾಲ್ಕು ತಿಂಗಳ ಬಟವಾಡೆಯನ್ನು ಲಿಕ್ವಿಡ್ ಫಂಡಿನಲ್ಲಿ ಇಡುವುದು, ಒಳ್ಳೆಯ ವರ್ಷದ ಹೆಚ್ಚುವರಿಯನ್ನು ಕೆಟ್ಟ ವರ್ಷಕ್ಕೆ ದಾಟಿಸುವುದು. ತಿಂಗಳು ತಿಂಗಳು ಕಡಿತವಾಗುವ ಎಸ್‌ಐಪಿಯನ್ನು ಈ ಮನೆಗೆ ಮಾರಿದರೆ ಅಕ್ಟೋಬರಿನಲ್ಲಿ ಖಾತೆ ಖಾಲಿಯಾಗಿ ಕಂತು ತಪ್ಪುತ್ತದೆ, ಬ್ಯಾಂಕು ಅದಕ್ಕೂ ದಂಡ ಹಾಕುತ್ತದೆ.

ಕ್ಯಾಲೆಂಡರೇ ಬೇರೆ ನೋಡಿ. ಇಲ್ಲಿ ವರ್ಷ ಶುರುವಾಗುವುದು ಏಪ್ರಿಲ್ ಒಂದಕ್ಕಲ್ಲ, ಹೂಮಳೆಗೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಒಂದು ಹದ ಮಳೆ ಬಿದ್ದರೆ ಇಡೀ ಗುಡ್ಡ ಬೆಳ್ಳಗೆ ಅರಳುತ್ತದೆ, ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬಿದ್ದರೆ ಕಾಯಿ ಕಚ್ಚುತ್ತದೆ. ಬರದಿದ್ದರೆ ಸ್ಪ್ರಿಂಕ್ಲರ್, ಸ್ಪ್ರಿಂಕ್ಲರಿಗೆ ಕೆರೆ, ಕೆರೆಗೆ ಸಾಲ. ಈ ಎರಡು ಮಳೆಯನ್ನೇ ನಂಬಿ ಕಾಫಿ ಮಂಡಳಿ ಮತ್ತು ಕೃಷಿ ವಿಮಾ ಕಂಪನಿ ಸೇರಿ ಮಳೆ ವಿಮೆಯ ಯೋಜನೆಯನ್ನೇ ರೂಪಿಸಿದ್ದವು: ಹೂಮಳೆ ಕೈಕೊಟ್ಟರೆ ಇಷ್ಟು, ಮುಂದಿನ ಮಳೆ ಕೈಕೊಟ್ಟರೆ ಇಷ್ಟು ಎಂದು. ಹೂವಿಗೆ ವಿಮೆ ಎಂಬುದನ್ನು ಷಿಕಾಗೊದ ಆ ಹದಿಮೂರು ಮಂದಿ ಕನಸಿನಲ್ಲಾದರೂ ಕಂಡಿದ್ದರೋ ಇಲ್ಲವೋ!

ತೆರಿಗೆಯದು ಇನ್ನೂ ವಿಸ್ಮಯ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ ಎಂದು ಎಲ್ಲರೂ ಬಲ್ಲರು. ಆದರೆ ಕಾಫಿಗೆಂದೇ 7ಬಿ ಎಂಬ ನಿಯಮ ಬಂತು. ಚೆರ್ರಿಯನ್ನೋ ಪಾರ್ಚ್‌ಮೆಂಟನ್ನೋ ಹಾಗೇ ಮಾರಿದರೆ ಪೂರ್ತಿ ಕೃಷಿ ಆದಾಯ. ತಾನೇ ಬೆಳೆದು ಕ್ಯೂರಿಂಗ್ ಮಾಡಿಸಿ, ಅಂದರೆ ಸಿಪ್ಪೆ ಬಿಡಿಸಿ ಹದಮಾಡಿಸಿ, ಮಾರಿದರೆ ಆ ಆದಾಯದ ಶೇ 25ರಷ್ಟು ವ್ಯಾಪಾರದ ಆದಾಯ, ತೆರಿಗೆಗೆ ಒಳಪಡುತ್ತದೆ. ಹುರಿದು ಪುಡಿ ಮಾಡಿ ಮಾರಿದರೆ, ಚಿಕೋರಿ ಬೆರೆಸಲಿ ಬಿಡಲಿ, ಶೇ 40. ಅದೇ ಗಿಡ, ಅದೇ ಹಣ್ಣು, ಗೇಟು ದಾಟುವಾಗ ಯಾವ ರೂಪದಲ್ಲಿತ್ತು ಎಂಬುದರ ಮೇಲೆ ತೆರಿಗೆ! ಹೋಂಸ್ಟೇ ನಡೆಸುತ್ತಾ ಬಂದವರಿಗೆ ಪುಡಿಯ ಪ್ಯಾಕೆಟ್ ಮಾರುವ ಮನೆಯಲ್ಲಿ ಮೂರು ಬಗೆಯ ಆದಾಯ ಒಂದೇ ಪೆಟ್ಟಿಗೆಗೆ ಬೀಳುತ್ತದೆ. ಕೋಣೆ ಬಾಡಿಗೆ ಪೂರ್ತಿ ತೆರಿಗೆಯದು, ಪುಡಿ ಭಾಗಶಃ, ಚೆರ್ರಿ ಸೊನ್ನೆ. ಅದಲ್ಲದೆ ಬೇರೆ ಆದಾಯ ಮಿತಿ ಮೀರಿದರೆ ಕೃಷಿ ಆದಾಯವನ್ನೂ ಸೇರಿಸಿ ತೆರಿಗೆಯ ದರ ಲೆಕ್ಕ ಹಾಕುವ ಕ್ರಮವುಂಟು. 1961ರ ಕಾಯಿದೆಯ 33ಎಬಿಯಲ್ಲಿ ಕಾಫಿ ಅಭಿವೃದ್ಧಿ ಖಾತೆ ಎಂಬ ಸೌಲಭ್ಯವೂ ಇತ್ತು. ಕ್ಯೂರಿಂಗ್ ಮಾಡಿ ಮಾರುವವರು ಲಾಭದ ಶೇ 40ರವರೆಗೆ ನಬಾರ್ಡಿನ ಅಥವಾ ಕಾಫಿ ಮಂಡಳಿಯ ಯೋಜನೆಯಲ್ಲಿ ಠೇವಣಿಯಿಟ್ಟು ಕಡಿತ ಪಡೆಯಬಹುದಿತ್ತು. 2025ರ ಹೊಸ ಆದಾಯ ತೆರಿಗೆ ಕಾಯಿದೆಯೊಂದಿಗೆ ಸೆಕ್ಷನ್ನುಗಳ ಸಂಖ್ಯೆಗಳೆಲ್ಲ ಬದಲಾದವು. ಇದನ್ನೆಲ್ಲ ಓದಿ, ಮನೆಯವರಿಗೆ ಅಡುಗೆಮನೆಯ ಮಾತಿನಲ್ಲಿ ಬಿಡಿಸಿ ಹೇಳುವ ಒಬ್ಬರಾದರೂ ಹೋಬಳಿಗೆ ಬೇಡವೇ?

ಅವರು ಯಾರಾಗಬಹುದು? ಈ ಸೀಮೆಯ ಮಕ್ಕಳೇ. ಮೊದಲು ಇದಕ್ಕೆ ಬಾಗಿಲು ಕಿರಿದಾಗಿತ್ತು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2013ರಲ್ಲಿ ಹೂಡಿಕೆ ಸಲಹೆಗಾರರಿಗೆ ನಿಯಮ ಮಾಡಿತು, 2020ರಲ್ಲಿ ಸ್ನಾತಕೋತ್ತರ ಪದವಿ ಬೇಕು, ಐದು ವರ್ಷದ ಅನುಭವ ಬೇಕು ಎಂದು ಬಿಗಿ ಮಾಡಿತು. 2024ರ ಡಿಸೆಂಬರಿನ ತಿದ್ದುಪಡಿಯಲ್ಲಿ ಆ ಗೋಡೆ ಬಿತ್ತು. ಸಂಬಂಧಪಟ್ಟ ವಿಷಯದ ಪದವಿ ಸಾಕೆಂದಾಯಿತು, ಅನುಭವದ ಷರತ್ತು ಹೋಯಿತು, ಇಷ್ಟು ಆಸ್ತಿ ಇರಬೇಕೆಂಬ ಷರತ್ತಿನ ಬದಲು ಠೇವಣಿ ಬಂತು: 150 ಗ್ರಾಹಕರವರೆಗೆ ಒಂದು ಲಕ್ಷ ರೂಪಾಯಿ. ಎನ್‌ಐಎಸ್‌ಎಂ ಸಂಸ್ಥೆಯ 10-ಎ, 10-ಬಿ ಎರಡು ಪರೀಕ್ಷೆ ಪಾಸಾಗಬೇಕು. ಅಂದರೆ ತಾಲ್ಲೂಕಿನ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ ಹುಡುಗಿ ಬೆಂಗಳೂರಿನ ಬಸ್ಸು ಹತ್ತದೆಯೇ, ತನ್ನ ಊರಿನಲ್ಲೇ, ಸೆಬಿ ನೋಂದಾಯಿತ ಸಲಹೆಗಾರಳಾಗಬಹುದು! ದೇಶದಲ್ಲೆಲ್ಲ ಹುಡುಕಿದರೂ ಇಂಥ ನೋಂದಾಯಿತ ಸಲಹೆಗಾರರು ಸಾವಿರದ ಆಸುಪಾಸು. ಇಷ್ಟು ದೊಡ್ಡ ದೇಶಕ್ಕೆ ಅಷ್ಟೇ ಜನ!

ಇಲ್ಲೊಂದು ಕವಲಿದೆ, ಕಣ್ಣು ತೆರೆದು ಆರಿಸಬೇಕಾದ್ದು. ಫಂಡ್ ವಿತರಕರಾಗಲು ಐದು-ಎ ಪರೀಕ್ಷೆ ಬರೆದು ಎಆರ್‌ಎನ್ ಸಂಖ್ಯೆ ಪಡೆದರೆ ಸಾಕು, ಆದಾಯ ಬರುವುದು ಕಂಪನಿ ಕೊಡುವ ಕಮಿಷನ್ನಿನಿಂದ. ಸಲಹೆಗಾರ ಕಮಿಷನ್ ಮುಟ್ಟುವಂತಿಲ್ಲ, ಗ್ರಾಹಕನಿಂದಲೇ ಶುಲ್ಕ. ಅದಕ್ಕೂ ಮಿತಿಯುಂಟು: ನಿಗದಿತ ಶುಲ್ಕವಾದರೆ ಒಂದು ಕುಟುಂಬಕ್ಕೆ ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷದ ಸುಮಾರು. ಎರಡೂ ಮರ್ಯಾದೆಯ ಕೆಲಸಗಳೇ. ಆದರೆ ‘ಈ ವರ್ಷ ಏನೂ ಕೊಳ್ಳಬೇಡಿ ಅಣ್ಣ, ಮೊದಲು ಸೊಸೈಟಿ ಸಾಲ ಕಟ್ಟಿ’ ಎಂದು ಹೇಳಿದರೂ ಅವತ್ತಿನ ಅನ್ನಕ್ಕೆ ಕುತ್ತು ಬರದವನು ಶುಲ್ಕದ ಸಲಹೆಗಾರ ಮಾತ್ರ. ಇಲ್ಲಿನ ಮನೆಗಳಿಗೆ ಬೇಕಾದದ್ದು ಆ ಮಾತು. ಅರುವತ್ತು ಮನೆ, ಮನೆಗೆ ಹದಿನೈದು ಸಾವಿರ ಎಂದು ಲೆಕ್ಕ ಹಾಕಿ: ವರ್ಷಕ್ಕೆ ಒಂಬತ್ತು ಲಕ್ಷ. ಶುಲ್ಕವನ್ನೂ ಬೆಳೆ ಮಾರಿದ ಮೇಲೆ ಪಡೆದರೆ ಕೊಡುವವರಿಗೂ ಹಗುರ. ಅರುವತ್ತು ಮನೆ ಸೇರಲು ನಾಲ್ಕೈದು ಕೊಯ್ಲಾದರೂ ಬೇಕು, ಅಲ್ಲಿಯವರೆಗೆ ಕೈ ಬಿಗಿಯೇ. ಅದನ್ನು ಮುಚ್ಚಿಡಬಾರದು.

ಮಲೆನಾಡಿನ ಮಕ್ಕಳು ಹಣದ ವಿದ್ಯೆಗೆ ಹೊಸಬರೆಂದು ಯಾರೂ ಹೇಳುವಂತಿಲ್ಲ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕಾಫಿ ಮನೆತನದ ವಿ.ಜಿ. ಸಿದ್ಧಾರ್ಥ 1980ರ ದಶಕದಲ್ಲಿ ಮುಂಬೈಗೆ ಹೋಗಿ ಮಹೇಂದ್ರ ಕಂಪಾನಿಯವರ ಜೆ.ಎಂ. ಫೈನಾನ್ಷಿಯಲ್‌ನಲ್ಲಿ ಷೇರುಪೇಟೆ ಕಲಿತು ಬಂದು 1984ರಲ್ಲಿ ಬೆಂಗಳೂರಿನಲ್ಲಿ ಸಿವನ್ ಸೆಕ್ಯುರಿಟೀಸ್ ಶುರುಮಾಡಿದರು. ಮುಂದೆ ಅದೇ ವೇ2ವೆಲ್ತ್ ಆಯಿತು. ಅವರ ಕೆಫೆ ಕಾಫಿ ಡೇ ಬ್ರಿಗೇಡ್ ರಸ್ತೆಯಲ್ಲಿ ಬಾಗಿಲು ತೆರೆದದ್ದು 1996ರಲ್ಲಿ, ಪೂಲಿನ ಕಾಲ ಮುಗಿದ ಆ ವರ್ಷವೇ! 2019ರ ಜುಲೈನಲ್ಲಿ ಅವರನ್ನು ಕಳೆದುಕೊಂಡಾಗ ಇಡೀ ಕಾಫಿ ಸೀಮೆಯೇ ಅತ್ತಿತು. ಇನ್ನೂ ಹಿಂದಕ್ಕೆ ಹೋದರೆ ಘಟ್ಟದ ಕೆಳಗೆ, ಉಡುಪಿಯಲ್ಲಿ, ಟಿ.ಎಂ.ಎ. ಪೈಯವರ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಪಿಗ್ಮಿ ತಂದಿತ್ತು. ದಿನಕ್ಕೆ ಎರಡಾಣೆ, ಮನೆ ಬಾಗಿಲಿಗೇ ಬಂದು ಪಡೆಯುವುದು. ಶಿರಾಡಿ ಹತ್ತಿ ಬಂದ ಆ ಪದ್ಧತಿ ಇವತ್ತಿಗೂ ನಮ್ಮ ಪೇಟೆಗಳಲ್ಲಿ ಅಂಗಡಿಯಿಂದ ಅಂಗಡಿಗೆ ನಡೆಯುತ್ತದೆ. ಯಾವ ಮನೆಯಲ್ಲಿ ಮಗಳ ಮದುವೆ, ಯಾವ ಅಂಗಡಿಗೆ ಈ ವಾರ ವ್ಯಾಪಾರವಿಲ್ಲ ಎಂಬುದು ಪಿಗ್ಮಿ ಕಟ್ಟಿಸಿಕೊಳ್ಳುವವರಿಗೆ ಗೊತ್ತಿರುವಷ್ಟು ಯಾವ ಆ್ಯಪಿಗೂ ಗೊತ್ತಿಲ್ಲ. ಒಬ್ಬ ಯೋಜಕನಿಗೆ ಬೇಕಾದ ಅರ್ಧ ವಿದ್ಯೆ ಅದೇ!

ಉಳಿದರ್ಧ ಕಾಗದದ್ದು. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷವಾದರೂ ಪಹಣಿ ಅಜ್ಜನ ಹೆಸರಿನಲ್ಲೇ, ಪೌತಿ ಖಾತೆ ಆಗಿಲ್ಲ. ಬ್ಯಾಂಕಿನಲ್ಲಿ ನಾಮಿನಿ ಒಬ್ಬರು, ಕಾನೂನಿನ ವಾರಸುದಾರರು ಐವರು. 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿದೆ, ಮನೆಯಲ್ಲಿ ಅದರ ಮಾತು ಇನ್ನೂ ಎದ್ದಿಲ್ಲ. ಕಾಫಿಯನ್ನು ವ್ಯಾಪಾರಿಯ ಗೋದಾಮಿನಲ್ಲಿ ಬಿಟ್ಟು, ರೇಟು ಏರಿದಾಗ ಮಾರಿದರಾಯಿತೆಂದು ಒಂದು ಚೀಟಿ ಹಿಡಿದು ಬರುವವರಿದ್ದಾರೆ. ಆ ಅಂಗಡಿ ಮುಳುಗಿದರೆ ಚೀಟಿಯೂ ಮುಳುಗಿತು. ಇಂಥ ಒಂದೊಂದು ಗಂಟನ್ನು ಬಿಡಿಸುವುದಕ್ಕೂ ಒಂದೊಂದು ಸಂಜೆ ಬೇಕು, ಜಗಲಿಯ ಮೇಲೆ, ಎಲ್ಲರೂ ಕೂತಿರುವಾಗ.

ಮತ್ತೆ ತೋಟದ ಕೂಲಿಯವರ ಲೈನ್ ಮನೆಗಳು. ವಾರದ ಬಟವಾಡೆಯಲ್ಲಿ ಬದುಕುವವರಿಗೆ ಹದಿನೈದು ಸಾವಿರದ ಶುಲ್ಕದ ಮಾತೇ ಇಲ್ಲ. ಆದರೆ ಆಲೂರು, ಸಕಲೇಶಪುರ, ಯಸಳೂರು ಸೀಮೆಯಲ್ಲಿ ಮುಂಜಾನೆ ಮಂಜಿನಲ್ಲಿ ತೋಟಕ್ಕೆ ನಡೆದು ಹೋಗುವಾಗ ತಿರುವಿನಲ್ಲಿ ಆನೆ ನಿಂತಿರಬಹುದಾದ ಕಡೆ ಎಲ್ಲರಿಗಿಂತ ಮೊದಲು ವಿಮೆ ಬೇಕಾದವರು ಅವರೇ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ: ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಎರಡು ಲಕ್ಷ, 18ರಿಂದ 70 ವಯಸ್ಸಿನವರಿಗೆ. ಜೀವನ ಜ್ಯೋತಿ: 436 ರೂಪಾಯಿ, ಯಾವ ಕಾರಣದಿಂದ ಸತ್ತರೂ ಎರಡು ಲಕ್ಷ, ಸೇರಲು 50ರೊಳಗಿರಬೇಕು. ಎರಡೂ ಜೂನ್ ಒಂದಕ್ಕೆ ಹೊಸದಾಗುತ್ತವೆ, ಹಣ ಮೇ ಕೊನೆಯ ವಾರದಲ್ಲಿ ಖಾತೆಯಿಂದ ತಾನಾಗಿ ಹೋಗುತ್ತದೆ. ಮೇ ತಿಂಗಳೆಂದರೆ ಕೊಯ್ಲು ಮುಗಿದು ಕೂಲಿ ತೆಳುವಾದ ತಿಂಗಳು, ಖಾತೆ ಬರಿದಾಗಿರುವ ತಿಂಗಳು. ಹೊಸದಾಗಿ ವೃತ್ತಿ ಶುರುಮಾಡುವವರು ಮೇ 20ರ ಬಟವಾಡೆಗೆ ಒಂದು ತೋಟಕ್ಕೆ ಹೋಗಿ, ರೈಟರ ಚೆಕ್‌ರೋಲ್ ಪಕ್ಕದಲ್ಲಿ ಕೂತು, ಎರಡೂ ಯೋಜನೆಗೆ ಸೇರಿದ ಪ್ರತಿಯೊಬ್ಬರ ಪಾಸ್‌ಬುಕ್ಕಿನಲ್ಲೂ ಎರಡರದ್ದೂ ಸೇರಿ 456 ರೂಪಾಯಿ ಇದೆಯೇ ಎಂದು ನೋಡಿ ಬರಲಿ.